ವಾಲ್ವ್ ಅಕ್ಕ ಮುಚ್ಚದ ಸೋರಿಕೆ

ಹೋದ ವಸಂತದಲ್ಲಿ ಬಂದ ಸಿಟ್ಟು ನನಗಿನ್ನೂ ಇಳಿದಿಲ್ಲ. ಇಳಿಯಲಿ ಎಂಬ ಆಸೆಯೂ ನನಗಿಲ್ಲ. "ನಿಮಗೆ ಮೂಗಿನ ತುದಿಯಲ್ಲೇ ಕೋಪ" ಎಂದು ನಮ್ಮ ಹಕ್ಕಿ ಬಳಗದವರು ಹೇಳುತ್ತಾರೆ. ಹೇಳಿಕೊಳ್ಳಲಿ. ನಾನು ಬರೆಯಲು ಕೂತಿರುವುದು ನನ್ನ ಮೂಗಿನ ವಿಚಾರವನ್ನಲ್ಲ, ನೀರು ಸರಬರಾಜು ಮಂಡಳಿಯ ಪಂಪ್‌ಹೌಸಿನಲ್ಲಿ ದುಡಿಯುವ ಒಬ್ಬ ಹೆಂಗಸಿನ ಕಿವಿಯ ವಿಚಾರವನ್ನು.

ಅವಳನ್ನು ಎಲ್ಲರೂ ವಾಲ್ವ್ ಅಕ್ಕ ಎನ್ನುತ್ತಾರೆ. ಬೆಳಗ್ಗೆ ಐದಕ್ಕೆ, ಆಳೆತ್ತರದ ಕಬ್ಬಿಣದ ಕೀಲಿಯನ್ನು ಹೆಗಲ ಮೇಲಿಟ್ಟುಕೊಂಡು ಹೊರಡುತ್ತಾಳೆ. ರಸ್ತೆಯಲ್ಲಿ ನಾವು ನೀವು ತುಳಿದುಕೊಂಡು ಓಡಾಡುವ ಮುಚ್ಚಳಗಳಿರುತ್ತವಲ್ಲ, ಅವನ್ನು ಎತ್ತಿ, ಕೀಲಿ ಇಳಿಸಿ, ಇಡೀ ಮೈಯ ಭಾರ ಹಾಕಿ ತಿರುಗಿಸುತ್ತಾಳೆ. ಐದೂವರೆಗೆ ಆಸ್ಪತ್ರೆ ರಸ್ತೆ, ಆರಕ್ಕೆ ಶಾಲೆಯ ಹಿಂದಿನ ಸಾಲು, ಹೀಗೆ ಮೂವತ್ತೊಂದು ಬೀದಿ. ನೀರು ಬಂದರೆ ಅದು ಮಂಡಳಿಯ ಪುಣ್ಯ, ಐದು ನಿಮಿಷ ತಡವಾದರೆ ವಾಲ್ವ್ ಅಕ್ಕನ ಪಾಪ. ಇಪ್ಪತ್ತಾರು ವರ್ಷ ಬೈಸಿಕೊಂಡೇ ಊರಿಗೆ ನೀರು ಕುಡಿಸಿದವಳು.

ಅವಳ ಹತ್ತಿರ ಇನ್ನೊಂದು ಸಲಕರಣೆ ಇದೆ. ಒಂದು ತುದಿಗೆ ಮರದ ಗುಬುಟು ಹಾಕಿದ, ಮಾಮೂಲಿ ಕಬ್ಬಿಣದ ಸಲಾಕೆ. ಸಲಾಕೆಯ ತುದಿಯನ್ನು ಪೈಪಿನ ಮೇಲೂರಿ, ಮರದ ಗುಬುಟನ್ನು ಕಿವಿಗೊತ್ತಿಕೊಂಡು, ಕಣ್ಣು ಮುಚ್ಚುತ್ತಾಳೆ. ನೆಲದ ಕೆಳಗೆ ಎಲ್ಲಿ ಸೋರುತ್ತಿದೆ, ಸೀಳಿದೆಯೋ ತೂತೋ, ಪೈಪು ಸೇರುವ ಕೀಲಿನಲ್ಲೋ ನಡುವಿನಲ್ಲೋ, ಎಲ್ಲ ಹೇಳುತ್ತಾಳೆ. ಮಂಡಳಿಯವರು ಅದಕ್ಕೆಂದೇ ಒಂದು ಯಂತ್ರ ತರಿಸಿದ್ದಾರೆ. ಅದು ಸ್ಟೋರ್ ರೂಮಿನಲ್ಲಿ, ಬಂದ ದಿನದ ಪ್ಲಾಸ್ಟಿಕ್ ಹೊದ್ದುಕೊಂಡು, ಸುಖವಾಗಿ ನಿದ್ದೆ ಮಾಡುತ್ತಿದೆ.

ಹಕ್ಕಿಗಳನ್ನೂ ಅವಳು ಕಿವಿಯಿಂದಲೇ ಹಿಡಿದಳು. ಹೆಸರು ಗೊತ್ತಿಲ್ಲ, ತಾನೇ ಇಟ್ಟುಕೊಂಡಿದ್ದಾಳೆ. ಒಂದು 'ಸೈಕಲ್ ಪಂಪು', ಇನ್ನೊಂದು 'ಗಾಳಿ ಹಿಡಿದ ಪೈಪು'. ವಸಂತದಲ್ಲಿ ಹತ್ತು ಹನ್ನೆರಡು ದಿನ ಮಾತ್ರ ಬರುವ, ಹೆಬ್ಬೆರಳಷ್ಟು ಗಾತ್ರದ ಒಂದು ಹಕ್ಕಿಗೆ 'ವಾಷರ್' ಎಂದು ಹೆಸರು. ಹಾಡು ಶುರುವಾಗುವುದು ಬಲು ಚೆಂದ, ಮುಗಿಯುವುದು ಮಾತ್ರ ವಾಷರ್ ಸವೆದ ನಲ್ಲಿಯನ್ನು ತಿರುಗಿಸಿದ ಹಾಗೆ. ನಮ್ಮ ಪುಸ್ತಕದಲ್ಲಿ ಅದಕ್ಕೆ ಬೂದುತಲೆ ಉಲಿಯಕ್ಕಿ ಎಂಬ ಘನವಾದ ಹೆಸರಿದೆ. ಹೇಳಿ ಮುಗಿಸುವಷ್ಟರಲ್ಲಿ ಹಕ್ಕಿ ಹಾರಿಹೋಗಿರುತ್ತದೆ.

ಇವು ಎಲ್ಲೋ ದಕ್ಷಿಣದಲ್ಲಿ ಚಳಿಗಾಲ ಕಳೆದು, ಮರಿ ಮಾಡಲು ಉತ್ತರಕ್ಕೆ, ತವರಿಗೆ, ಹೊರಟ ಹಕ್ಕಿಗಳು. ರಾತ್ರಿಯಿಡೀ ಹಾರಿ, ಮೈಯಲ್ಲಿದ್ದ ಕೊಬ್ಬನ್ನೆಲ್ಲ ಕರಗಿಸಿಕೊಂಡು, ಬೆಳಗಾಗುವಾಗ ಸಿಕ್ಕ ಹಸಿರಿಗೆ ಇಳಿಯುತ್ತವೆ. ನಮ್ಮೂರಲ್ಲಿ ಅವಕ್ಕೆ ಸಿಗುತ್ತಿದ್ದ ಹಸಿರು ಪಂಪ್‌ಹೌಸಿನ ಹಿಂದಿನ ಮುಳ್ಳುಪೊದೆ. ಎರಡು ಮನೆ ಕಟ್ಟುವಷ್ಟು ಜಾಗ, ಅಷ್ಟೇ. ಅದರ ಮೂಲೆಯಲ್ಲಿ ಹಳೆಯ ಪೈಪಿನ ಕೀಲಿನಿಂದ ನೀರು ತೊಟ್ಟಿಕ್ಕಿ, ಕೆಳಗಿನ ಕಲ್ಲಿನ ಕುಳಿಯಲ್ಲಿ ಒಂದು ಬೊಗಸೆಯಷ್ಟು ನಿಲ್ಲುತ್ತಿತ್ತು. ಪೊದೆಯ ಮರೆ, ಕುಡಿಯಲು ನೀರು. ದಾರಿಹೋಕ ಹಕ್ಕಿಗೆ ಇನ್ನೇನು ಬೇಕು?

ಇಪ್ಪತ್ತಾರು ವರ್ಷಗಳಲ್ಲಿ ವಾಲ್ವ್ ಅಕ್ಕ ಮಂಡಳಿಗೆ ತೋರಿಸುವ ತನ್ನ ಪುಸ್ತಕದಲ್ಲಿ ಬರೆಯದೆ ಬಿಟ್ಟ ಸೋರಿಕೆ ಅದೊಂದೇ. "ಊರೆಲ್ಲಾ ಸೋರೋದನ್ನ ನಿಲ್ಲಿಸಿದೀನಿ ಪೋಸ್ಟಮ್ಮ, ಇದೊಂದು ಇರಲಿ ಬಿಡಿ" ಎಂದು ನನಗೊಬ್ಬಳಿಗೆ ಹೇಳಿದ್ದಳು. ನಾನು ಅಂಚೆ ಕಚೇರಿಯ ಕೌಂಟರಿನಲ್ಲಿ ಕೂರುವವಳು, ಅದಕ್ಕೆ ಪೋಸ್ಟಮ್ಮ. ಗುಟ್ಟು ಇಟ್ಟುಕೊಳ್ಳುವುದು ನನ್ನ ಉದ್ಯೋಗ ಎಂದು ನಂಬಿದ್ದಳು, ಪಾಪ.

ಪಂಪ್‌ಹೌಸಿಗೆ ಅಂಟಿಕೊಂಡ ಎರಡು ಕೋಣೆಯ ಮನೆಯಲ್ಲಿ ಅವಳೂ ಅವಳ ಅತ್ತೆಯೂ ಇರುತ್ತಾರೆ. ಅತ್ತೆಗೆ ಎರಡು ಕಿವಿಯೂ ಮಂದ. ಬೀದಿಯಲ್ಲಿ ಪಿಸುಗುಡುವಂತೆ ಮಾತಾಡುವ ಅಕ್ಕ ಮನೆಯೊಳಗೆ ಕಾಲಿಟ್ಟರೆ ಗಂಟಲು ಹರಿದುಕೊಳ್ಳುತ್ತಾಳೆ. ಕಿವಿ ಚೆನ್ನಾಗಿದ್ದ ಕಾಲದಲ್ಲಿ ಆ ವಾಷರ್ ಹಕ್ಕಿಯನ್ನು ಸೊಸೆಗೆ ಮೊದಲು ತೋರಿಸಿದ್ದು ಅತ್ತೆಯೇ. ಈಗ ಕೇಳಿಸುವುದಿಲ್ಲ. ವಸಂತ ಶುರುವಾದರೆ ದಿನಾ ಬೆಳಗ್ಗೆ ಬಾಗಿಲಲ್ಲಿ ಸ್ಟೂಲ್ ಹಾಕಿಕೊಂಡು ಕೂತು, ಸೊಸೆ ಬಂದ ತಕ್ಷಣ ಒಂದೇ ಮಾತು: "ಬಂತಾ?"

ಈಗ ನಮ್ಮ ಬಳಗದ ಪುರಾಣ. ನಾವು ಹದಿನಾಲ್ಕು ಜನ. ಮುಖ್ಯಸ್ಥರು ಹಲ್ಲಿನ ಡಾಕ್ಟರು. ರೋಗಿಗಳ ಬಾಯಿ ತೆರೆಸಿ ತೆರೆಸಿ, ಮಿಕ್ಕವರೆಲ್ಲ ಬಾಯಿ ಮುಚ್ಚಿಕೊಂಡಿರಬೇಕು ಎಂಬುದು ಅವರಿಗೆ ಅಭ್ಯಾಸವಾಗಿದೆ. ಅವರ ಬಲಗೈ ಕನ್ನಡಕದ ಅಂಗಡಿಯವರು. ತೋಳುದ್ದದ ಲೆನ್ಸಿನ ಕ್ಯಾಮೆರಾ ಇದೆ. ನಾನು ಪಟ್ಟಿ ಬರೆಯುವವಳು. ಬಳಗಕ್ಕೆ ನಿಯಮಗಳಿವೆ, ಡಾಕ್ಟರೇ ಕೂತು ಬರೆದದ್ದು. ನಿಯಮ ಎರಡು: ಇಬ್ಬರು ಸದಸ್ಯರು ನೋಡಿದರೆ ಅಥವಾ ಕೇಳಿದರೆ ಮಾತ್ರ ಹಕ್ಕಿ ಪಟ್ಟಿಗೆ ಸೇರುತ್ತದೆ. ನಿಯಮ ನಾಲ್ಕು: ಫೋನಿನಲ್ಲಿ ಹಕ್ಕಿಯ ಹಾಡು ಹಾಕಿ ಹಕ್ಕಿಯನ್ನು ಕರೆಯಬಾರದು. ತನ್ನ ಜಾತಿಯದೇ ಹಾಡು ಕೇಳಿದರೆ ಹಕ್ಕಿ ಯಾರೋ ಎದುರಾಳಿ ಬಂದ ಎಂದುಕೊಳ್ಳುತ್ತದೆ. ಜಗಳಕ್ಕೆ ಬರುತ್ತದೆ, ಇಲ್ಲವೇ ಹೆದರಿ ಜಾಗ ಬಿಡುತ್ತದೆ. ರಾತ್ರಿಯಿಡೀ ಹಾರಿ ಬಂದ ಜೀವಕ್ಕೆ ಎರಡೂ ಕೇಡು. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಎನ್ನುವ ಮಾತು ಹುಟ್ಟಿದ್ದೇ ನಮ್ಮಂಥವರನ್ನು ನೋಡಿ ಇರಬೇಕು. ಆ ಹಾಡುಗಳಿಲ್ಲದ ಫೋನು ಬಳಗದಲ್ಲಿ ಒಂದೂ ಇರಲಿಲ್ಲ.

ವಾಲ್ವ್ ಅಕ್ಕ ಬಳಗಕ್ಕೆ ಸೇರಬೇಕೆಂದು ಒಮ್ಮೆ ಅರ್ಜಿ ತುಂಬಿ ಕೊಟ್ಟಿದ್ದಳು. ಮೊದಲು ಪೆನ್ಸಿಲಿನಲ್ಲಿ ಬರೆದು, ಆಮೇಲೆ ಅದರ ಮೇಲೆ ಪೆನ್ನು ತಿದ್ದಿದ ಅಕ್ಷರ. 'ಹಕ್ಕಿಗಳ ಬಗ್ಗೆ ಓದಿರುವ ಪುಸ್ತಕಗಳು' ಎಂಬಲ್ಲಿ 'ಓದಿಲ್ಲ, ಕೇಳಿದ್ದೇನೆ' ಎಂದು ಬರೆದಿದ್ದಳು. ಡಾಕ್ಟರು ಅದನ್ನು ಜೋರಾಗಿ ಓದಿ ನಕ್ಕರು. "ನೋಡೋಣ" ಎಂದರು. ದೊಡ್ಡವರ ನೋಡೋಣ ಎಂದರೆ ಏನೆಂದು ಎಲ್ಲರಿಗೂ ಗೊತ್ತು. ಅರ್ಜಿಗೆ ಇಬ್ಬರು ಸದಸ್ಯರ ಸಹಿ ಬೇಕಿತ್ತು. ನಾನೊಂದು ಹಾಕಿ, ಇನ್ನೊಂದನ್ನು ಯಾರಿಂದಲಾದರೂ ಹಾಕಿಸಬಹುದಿತ್ತು. ಹಾಕಲಿಲ್ಲ. ಡ್ರಾಯರಿನಲ್ಲಿಟ್ಟೆ, ಎರಡು ವರ್ಷ ಅಲ್ಲೇ ಇತ್ತು. ಈ ಕತೆಯಲ್ಲಿ ಯಾರ ಮೇಲೆ ಸಿಟ್ಟು ಎಂದು ಕೇಳಿದರೆ, ಮೊದಲ ಹೆಸರು ನನ್ನದೇ.

ಹೋದ ವರ್ಷ ಮಂಡಳಿ ಹೊಸ ಟ್ಯಾಂಕ್ ಕಟ್ಟಲು ಹೊರಟಿತು. ಜಾಗ ಎರಡಿದ್ದವು: ಆ ಪೊದೆ, ಇಲ್ಲವೇ ತುಕ್ಕು ಹಿಡಿದ ಪೈಪುಗಳನ್ನು ಗುಡ್ಡೆ ಹಾಕಿದ್ದ ಹಳೇ ಅಂಗಳ. ಪೊದೆ ಕಡಿಯುವುದು ಸುಲಭ, ಅಂಗಳ ಖಾಲಿ ಮಾಡುವುದು ಕಷ್ಟ. ಉಲಿಯಕ್ಕಿ ಇಳಿಯುವ ಪೊದೆ, ಉಳಿಸಿ ಎಂದು ನಮ್ಮ ಬಳಗ ಹೋಗಿ ಕೇಳಿತು. ಮಂಡಳಿಯ ಎಂಜಿನಿಯರ್ ಸಾಹೇಬರು ಕೆಟ್ಟವರಲ್ಲ. "ನಿಮ್ಮ ವಸಂತದ ಗಣತಿಯ ದಿನ ಆ ಹಕ್ಕಿ ಅಲ್ಲಿ ಸಿಕ್ಕರೆ, ನಿಮ್ಮ ನಿಯಮದ ಪ್ರಕಾರವೇ ಬರೆದು ಕೊಡಿ. ನಾನು ಟ್ಯಾಂಕನ್ನ ಅಂಗಳಕ್ಕೆ ಹಾಕಿಸ್ತೀನಿ" ಎಂದರು.

ಒಂದು ದಿನ, ಒಂದು ಹಕ್ಕಿ, ಇಬ್ಬರು ಸದಸ್ಯರು. ಪೊದೆ ಉಳಿಯಲು ಅಷ್ಟು ಸಾಕಿತ್ತು.

ಗಣತಿಯ ಹಿಂದಿನ ದಿನ ವಾಲ್ವ್ ಅಕ್ಕ ಅಂಚೆ ಕಚೇರಿಗೆ ಬಂದು ಕೌಂಟರಿನ ಕಂಡಿಗೆ ಬಾಯಿಟ್ಟು ಹೇಳಿದಳು: "ವಾಷರ್ ಬಂದಿದೆ ಪೋಸ್ಟಮ್ಮ. ನಾಳೆ ಇಬ್ರು ಬಂದು ಮೂಲೇಲಿ ಬಾಯಿ ಮುಚ್ಕೊಂಡು ಕೂತ್ರೆ ಸಾಕು. ನೀರಿಗೆ ಅದೇ ಇಳಿಯುತ್ತೆ. ಗಲಾಟೆ ಮಾತ್ರ ಬೇಡ."

ಡಾಕ್ಟರಿಗೆ ಹೇಳಿದೆ. "ಹಕ್ಕಿ ನೋಡೋದು ಹೇಗೆ ಅಂತ ನಮಗೆ ಹೇಳಿಕೊಡ್ತಾಳಾ?" ಎಂದರು.

ಬೆಳಗ್ಗೆ ಆರಕ್ಕೆ ಹದಿನಾಲ್ಕು ಜನ ಹಾಜರ್. ಎಲೆಯ ಬಣ್ಣದ ಅಂಗಿ, ಎಲೆಯ ಬಣ್ಣದ ಟೋಪಿ, ಫ್ಲಾಸ್ಕುಗಳು, ಸ್ಟ್ಯಾಂಡುಗಳು. ಪೊದೆಗಿಂತ ನಾವೇ ಹೆಚ್ಚು ಹಸಿರಾಗಿದ್ದೆವು. ಡಾಕ್ಟರು ನಮ್ಮನ್ನು ಎರಡು ತಂಡ ಮಾಡಿದರು. ಅವರದೂ ನನ್ನದೂ ಪೂರ್ವದ ಕಡೆ, ಕನ್ನಡಕದವರ ತಂಡ ಪಶ್ಚಿಮದ ಕಡೆ, ನಡುವೆ ಪೊದೆ. ಒಂದು ಮೋಟು ಮರದ ಮೇಲೆ ಡಾಕ್ಟರು ತಮ್ಮ ರೆಕಾರ್ಡರ್ ಇಟ್ಟರು, ಸಾಕ್ಷಿಗೆ.

ಹತ್ತು ನಿಮಿಷ ಏನೂ ಇಲ್ಲ. ಆಮೇಲೆ ನಮಗೆ ತೀರ ಹತ್ತಿರದಲ್ಲಿ ಹಾಡು ಕೇಳಿಸಿತು. ಅದೇ ಚೆಂದದ ಶುರು, ಅದೇ ನಲ್ಲಿ ತಿರುಗಿಸಿದ ಕೊನೆ. ಮರುಕ್ಷಣ ಪೊದೆಯ ಆಚೆಯಿಂದ ಉತ್ತರ. ಡಾಕ್ಟರ ಮುಖ ಅರಳಿತು. ಎರಡು ಬೆರಳೆತ್ತಿದರು. ಮತ್ತೆ ಈಚೆಯಿಂದ ಹಾಡು, ಮತ್ತೆ ಆಚೆಯಿಂದ ಉತ್ತರ, ಈ ಸಲ ಸ್ವಲ್ಪ ಪಕ್ಕದಲ್ಲಿ. ನಾಲ್ಕು ಬೆರಳು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರ ಹಾಗೆ ನಾನೂ ಬರೆದೆ: ಬೂದುತಲೆ ಉಲಿಯಕ್ಕಿ, ನಾಲ್ಕು, ಕೇಳಿದ್ದು.

ಆಗ ವಾಲ್ವ್ ಅಕ್ಕ ಶಾಲೆಯ ಸಾಲಿನ ನೀರು ಬಿಟ್ಟು ಬಂದಳು. ಹೆಗಲ ಮೇಲೆ ಕೀಲಿ, ಕೈಯಲ್ಲಿ ಸಲಾಕೆ. ನಿಂತು ಕೇಳಿಸಿಕೊಂಡಳು. ಎರಡೇ ಎರಡು ಹಾಡು, ಅಷ್ಟೇ.

"ಡಾಕ್ಟ್ರೇ, ಅದು ಹಕ್ಕಿ ಅಲ್ಲ. ಈ ಕಡೇದೂ ಆ ಕಡೇದೂ ಒಂದೇ. ಎಲ್ಲೂ ಉಸಿರು ತಗೋತಿಲ್ಲ ನೋಡಿ."

ನಾನು ಡಾಕ್ಟರ ಜೇಬು ನೋಡಿದೆ. ಬಟ್ಟೆಯೊಳಗಿಂದ ಚೌಕನೆಯ ಬೆಳಕು ಕಾಣುತ್ತಿತ್ತು. ಆಚೆ ಕನ್ನಡಕದವರ ಜೇಬಿನಲ್ಲೂ ಅದೇ ಬೆಳಕು ಇದ್ದಿರಬೇಕು. ಒಂದೇ ಬಳಗದ ಎರಡು ಫೋನು, ಪೊದೆಯ ಎರಡು ಮಗ್ಗುಲಲ್ಲಿ ನಿಂತು, ಒಂದಕ್ಕೊಂದು ಪ್ರೇಮದಿಂದ ಹಾಡುತ್ತಿದ್ದವು. ಹದಿನಾಲ್ಕು ಜನ ತಲೆದೂಗುತ್ತಿದ್ದೆವು.

"ನಿಜವಾದ್ದು ಮೂಲೇಲಿ ಕೂತಿದೆ. ಈ ಸದ್ದಿಗೆ ಬಾಯೇ ಬಿಡ್ತಿಲ್ಲ. ಇಬ್ರು ಬನ್ನಿ ಸಾಕು, ತೋರಿಸ್ತೀನಿ."

"ಶ್... ಗಣತಿ ನಡೀತಿದೆ. ನಿಮ್ಮ ಕೆಲಸ ನೀವು ನೋಡ್ಕೊಳ್ಳಿ ಅಮ್ಮ" ಎಂದರು ಡಾಕ್ಟರು.

ಇಬ್ಬರು ಬನ್ನಿ ಎಂದು ಅವಳು ಕೇಳಿದಳು. ನಮ್ಮ ತಂಡದಲ್ಲಿ ಏಳು ಜನ ಇದ್ದೆವು. ಎದ್ದು ಹೋದವಳು ನಾನೊಬ್ಬಳೇ. ಉಳಿದ ಐವರು ಡಾಕ್ಟರ ಮುಖ ನೋಡಿದರು, ಆಮೇಲೆ ತಮ್ಮ ತಮ್ಮ ಬೂಟು ನೋಡಿಕೊಂಡರು.

ಮೂಲೆಯಲ್ಲಿ ಕುಕ್ಕರಗಾಲಲ್ಲಿ ಕೂತೆವು. ಅಕ್ಕ ಬೆರಳು ಮಾಡಿದಳು. ಮೂರು ಮೊಳ ದೂರದಲ್ಲಿ, ಕಲ್ಲಿನ ಕುಳಿಯ ಅಂಚಿನಲ್ಲಿ ಕೂತಿತ್ತು. ಎದೆಯ ಮೂಳೆ ಎದ್ದು ಕಾಣುತ್ತಿತ್ತು. ರೆಕ್ಕೆ ಮಡಚಿಕೊಳ್ಳಲೂ ತ್ರಾಣವಿಲ್ಲದಂತೆ ಅರ್ಧ ಇಳಿಬಿಟ್ಟಿತ್ತು. ಕೊಕ್ಕು ಅದ್ದಿ, ತಲೆಯೆತ್ತಿ, ನೀರನ್ನು ಗಂಟಲಿಗೆ ಇಳಿಸಿತು. ಇನ್ನೊಮ್ಮೆ ಅದ್ದಿತು. ಅಳುವುದು ನನ್ನ ಜಾಯಮಾನವಲ್ಲ, ಆದರೂ ಕಣ್ಣು ಮಂಜಾಯಿತು. ಹಿಂದಕ್ಕೆ ತಿರುಗಿ, ಒಬ್ಬರಾದರೂ ಬನ್ನಿ ಎಂದು ಕೈ ಬೀಸಿದೆ.

ಬಂದರು. ಆದರೆ ಬಂದದ್ದು ಆಚೆ ಕಡೆಯಿಂದ, ಕನ್ನಡಕದವರು. ಡಾಕ್ಟರ ಫೋನಿನ ಹಾಡಿನ ಬೆನ್ನುಹತ್ತಿ, ತಮ್ಮ ಫೋನನ್ನು ಪೂರ್ತಿ ಜೋರಾಗಿ ಹಾಕಿಕೊಂಡು, ಕ್ಯಾಮೆರಾ ಮುಂದೆ ಮಾಡಿಕೊಂಡು, ಮುಳ್ಳು ಮುರಿಯುತ್ತಾ ನುಗ್ಗಿದರು. ಹಕ್ಕಿ ಮೂರನೇ ಗುಟುಕಿಗೆ ಬಗ್ಗಿದ್ದು ನೆಟ್ಟಗೆ ಮೇಲೆದ್ದಿತು. ಪಂಪ್‌ಹೌಸಿನ ಚಾವಣಿ ದಾಟಿ ಹೋಯಿತು. ಮತ್ತೆ ಬರಲಿಲ್ಲ.

"ಏನಾದ್ರೂ ಇತ್ತಾ ಇಲ್ಲಿ?" ಎಂದು ಕೇಳಿದರು ಕನ್ನಡಕದವರು. ಕನ್ನಡಕ ಮಾರುವವರು.

ನಾನು ಡಾಕ್ಟರ ಎದುರು ನಿಂತೆ. "ಒಂದೇ ಒಂದು ಅಂತ ಬರೀತೀನಿ. ನಾನು ನೋಡಿದೀನಿ, ಅಕ್ಕ ನೋಡಿದಾರೆ. ಇಬ್ಬರಾಯ್ತು."

"ನಿಯಮ ಅಂದ್ರೆ ನಿಯಮ. ಇಬ್ಬರು ಸದಸ್ಯರು. ಆಕೆ ಸದಸ್ಯೆ ಅಲ್ಲವಲ್ಲ."

"ಹಾಗಾದ್ರೆ ನಿಮ್ಮ ಜೇಬಿನಲ್ಲಿರೋದು ಸದಸ್ಯನಾ?"

ಅವರು ನಕ್ಕುಬಿಟ್ಟರು. "ಒಂದೆರಡು ಸಲ ಹಾಕಿದ್ದೆ. ಅದಕ್ಕೆ ಉತ್ತರ ಬಂದಿದ್ದು ನಿಜವಾದ ಹಕ್ಕೀದೇ. ಒಳ್ಳೇ ಕೆಲಸಕ್ಕೆ ತಾನೇ? ನಾಲ್ಕು ಅಂದ್ರೆ ಪೊದೆ ಉಳಿಯುತ್ತೆ, ಒಂದು, ಅದೂ ಒಬ್ಬರೇ ಸದಸ್ಯರು ನೋಡಿದ್ದು ಅಂದ್ರೆ ಹೋಗುತ್ತೆ. ಯೋಚನೆ ಮಾಡಿ."

ಯೋಚನೆ ಮಾಡಿದೆ. ಪೊದೆ ಉಳಿಯಲಿ ಎಂದುಕೊಂಡೆ. ಪಟ್ಟಿಯ ಕೆಳಗೆ ನನ್ನ ಸಹಿ ಹಾಕಿದೆ. ಅಕ್ಕನಿಗೆ ಹೇಳಿದಾಗ ಅವಳು ಕೀಲಿಯನ್ನು ಒಂದು ಹೆಗಲಿಂದ ಇನ್ನೊಂದಕ್ಕೆ ಬದಲಾಯಿಸಿಕೊಂಡಳು. "ನಿಲ್ಲಲ್ಲ ಪೋಸ್ಟಮ್ಮ. ತೇಪೆ ಹಾಕಿದ ಕಡೆನೇ ಪೈಪು ಒಡೆಯೋದು" ಎಂದಳು. ನಾನು ಕಿವಿಯ ಮೇಲೆ ಹಾಕಿಕೊಳ್ಳಲಿಲ್ಲ.

ಹನ್ನೆರಡನೇ ದಿನ ಎಂಜಿನಿಯರ್ ಸಾಹೇಬರು ನಮ್ಮನ್ನು ಕರೆಸಿದರು. ಸೋರಿಕೆಯ ಸದ್ದುಗಳನ್ನು ಕಂಪ್ಯೂಟರಿಗೆ ಹಾಕಿ ನೋಡುವುದು ಅವರ ಕೆಲಸದಲ್ಲೇ ಇದೆ. ಪಟ್ಟಿಯ ಜೊತೆ ಕೊಟ್ಟಿದ್ದ ರೆಕಾರ್ಡಿಂಗಿನಲ್ಲಿ ನಾವು ಎಣಿಸಿದ್ದ ನಾಲ್ಕು ಹಾಡನ್ನೂ ಒಂದರ ಮೇಲೊಂದು ಇಟ್ಟು ತೋರಿಸಿದರು. ಕೂದಲೆಳೆಯ ವ್ಯತ್ಯಾಸವಿರಲಿಲ್ಲ. ಆಮೇಲೆ ಹಾಡನ್ನು ಜೋರಾಗಿ ಹಾಕಿದರು. ನಾಲ್ಕನೆಯ ಹಾಡಿನ ನಟ್ಟನಡುವೆ 'ಟಿಂಗ್' ಎಂದಿತು. ಯಾರದೋ ಫೋನಿಗೆ ಮೆಸೇಜು ಬಂದ ಸದ್ದು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಆ ಕೋಣೆಯಲ್ಲಿ ಐದು ಜನ ಒಟ್ಟಿಗೆ ಜೇಬು ಮುಟ್ಟಿಕೊಂಡರು. ಡಾಕ್ಟರೂ ಮುಟ್ಟಿಕೊಂಡರು.

ಅಷ್ಟಕ್ಕೆ ನಾಚಿಕೆಯಿಂದ ಎದ್ದು ಬಂದಿದ್ದರೆ ನಾನು ಇಷ್ಟು ಉರಿಯುತ್ತಿರಲಿಲ್ಲ. ಡಾಕ್ಟರು ಗಂಟಲು ಸರಿಮಾಡಿಕೊಂಡರು. "ನಿಮ್ಮ ಸಿಬ್ಬಂದಿ ಒಬ್ಬರು ಮಧ್ಯ ಬಂದು ಗಲಾಟೆ ಮಾಡಿದ್ರು. ಅದರಿಂದ ಗೊಂದಲ ಆಯ್ತು" ಎಂದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಸಾಹೇಬರು ಬೆಲ್ ಒತ್ತಿ ವಾಲ್ವ್ ಅಕ್ಕನನ್ನು ಕರೆಸಿದರು.

ಅವಳು ಬಂದು ಬಾಗಿಲಲ್ಲಿ ನಿಲ್ಲುವಷ್ಟರಲ್ಲಿ ನನ್ನ ತಲೆ ಕೆಟ್ಟಿತ್ತು. ಎದ್ದು ನಿಂತು ಕೂಗಾಡಿದೆ. "ಗಲಾಟೆ ಮಾಡಿದ್ದು ನಾವು. ಹಕ್ಕಿ ಅಲ್ಲೇ ಇತ್ತು ಸಾರ್, ನಾನೇ ಕಣ್ಣಾರೆ ನೋಡಿದೀನಿ. ಮೂಲೇಲಿ ಸೋರೋ ಪೈಪಿನ ಹತ್ರ ನೀರು ಕುಡೀತಿತ್ತು."

ಸಾಹೇಬರು ತಲೆಯೆತ್ತಿದರು. "ಯಾವ ಸೋರೋ ಪೈಪು?"

ಗುಟ್ಟು ಇಟ್ಟುಕೊಳ್ಳುವುದು ನನ್ನ ಉದ್ಯೋಗ. ವಾಲ್ವ್ ಅಕ್ಕ ನನ್ನ ಕಡೆ ನೋಡಲಿಲ್ಲ. ಅದನ್ನು ನಾನು ಸಾಯುವ ತನಕ ಮರೆಯುವುದಿಲ್ಲ.

"ಇದೆ ಸಾರ್. ಏಳು ವರ್ಷ ಆಯ್ತು. ನಾನೇ ಬರೆದಿಲ್ಲ" ಎಂದಳು.

ಸುಳ್ಳು ಹೇಳಿದ ಹದಿನಾಲ್ಕು ಜನ ಮನೆಗೆ ಹೋಗಿ ಊಟ ಮಾಡಿದೆವು. ನಿಜ ಹೇಳಿದ ಒಬ್ಬಳಿಗೆ ಮೆಮೊ ಕೊಟ್ಟರು. ಸೋರಿಕೆಯನ್ನು ಅವಳ ಕೈಯಿಂದಲೇ ಮುಚ್ಚಿಸಿದರು. ಎಂಟು ದಿನಕ್ಕೆ ನೆಲ ಅಗೆಯುವ ಯಂತ್ರ ಬಂತು, ಮಧ್ಯಾಹ್ನದ ಊಟದ ಹೊತ್ತಿಗೆ ಪೊದೆ ಇರಲಿಲ್ಲ. ಬೇರು ಕಿತ್ತು, ನೆಲ ಸಮ ಮಾಡಿ, ಸಿಮೆಂಟು ಸುರಿದರು.

ಆ ತಿಂಗಳ ಸಭೆಯಲ್ಲಿ ನಾನು ಡ್ರಾಯರಿನಿಂದ ಅಕ್ಕನ ಅರ್ಜಿ ತೆಗೆದು ಮೇಜಿನ ಮೇಲೆ ಕುಕ್ಕಿದೆ. ನನ್ನ ಸಹಿ ಹಾಕಿ, ಪೆನ್ನನ್ನು ಕನ್ನಡಕದವರ ಮೂಗಿನ ಕೆಳಗೆ ಹಿಡಿದೆ. ಅವರು ಡಾಕ್ಟರ ಕಡೆ ನೋಡದೆ ಸಹಿ ಮಾಡಿದರು. ಆ ಮನುಷ್ಯನಿಗೆ ಅಷ್ಟಾದರೂ ಮಾನ ಉಳಿದಿತ್ತು. ಡಾಕ್ಟರು ಈಗಲೂ ನಮ್ಮ ಮುಖ್ಯಸ್ಥರೇ. ಈಚೆಗೆ ಒಂದು ಕಾಲೇಜಿನಲ್ಲಿ 'ಹಕ್ಕಿ ವೀಕ್ಷಣೆಯಲ್ಲಿ ಶಿಸ್ತು' ಎಂಬ ಭಾಷಣ ಮಾಡಿ ಶಾಲು ಹೊದಿಸಿಕೊಂಡು ಬಂದರು. ಕೇಳಿದಾಗ ಹಲ್ಲು ಕಡಿದೆ, ಒಂದು ಹಲ್ಲು ಮುಕ್ಕಾಯಿತು. ಅವರ ಹತ್ತಿರ ಮಾತ್ರ ತೋರಿಸಲಿಲ್ಲ.

ಸದಸ್ಯತ್ವದ ಕಾರ್ಡನ್ನು ಅಕ್ಕನಿಗೆ ನಾನೇ ತಲುಪಿಸಿದೆ. ಅವಳು ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಸೋರಿಕೆ ಬರೆಯುವ ಪುಸ್ತಕದೊಳಗೆ ಇಟ್ಟಳು. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು, ಬೈಯಲಿಲ್ಲ.

ಈ ವರ್ಷ ವಸಂತ ಬಂತು. ಬಳಗದವರು ದೂರದ ಕೆರೆಗೆ ಬಸ್ಸು ಮಾಡಿಕೊಂಡು ಹೋದರು. ನಾನು ಪಂಪ್‌ಹೌಸಿಗೆ ಹೋದೆ, ಒಂದಲ್ಲ, ಒಂಬತ್ತು ಬೆಳಗ್ಗೆ. ಹೊಸ ಟ್ಯಾಂಕು ಬೆಳ್ಳಗೆ ನಿಂತಿತ್ತು. ಸೋರಿಕೆಯಿದ್ದ ಜಾಗದಲ್ಲಿ, ಬರಿಯ ಸಿಮೆಂಟಿನ ಮೇಲೆ, ಅಕ್ಕ ಒಂದು ಬಟ್ಟಲು ತುಂಬ ನೀರಿಟ್ಟಿದ್ದಳು. ನಾವಿಬ್ಬರೂ ಗೋಡೆಗೊರಗಿ ಕೂರುತ್ತಿದ್ದೆವು.

ಒಂಬತ್ತನೆಯ ಬೆಳಗ್ಗೆ ಅಕ್ಕ ನನ್ನ ಮೊಣಕೈ ಮುಟ್ಟಿದಳು. ಟ್ಯಾಂಕಿನ ಕಬ್ಬಿಣದ ಏಣಿಯ ಮೇಲೆ ಅದು ಕೂತಿತ್ತು. ಅದೇ ಬೂದುತಲೆ, ಅದೇ ಇಳಿಬಿದ್ದ ರೆಕ್ಕೆ. ಪೊದೆಯಿದ್ದ ಕಡೆ ತಲೆ ತಿರುಗಿಸಿತು, ಆಚೆ ತಿರುಗಿಸಿತು, ಮತ್ತೆ ಅದೇ ಕಡೆ ನೋಡಿತು. ಬಟ್ಟಲು ಅದಕ್ಕೆ ಕಂಡಿರಬೇಕು. ಇಷ್ಟು ಚಿಕ್ಕ ಹಕ್ಕಿ ಬಯಲಿಗೆ ಇಳಿದು ನೀರು ಕುಡಿಯುವುದಿಲ್ಲ, ಅದಕ್ಕೆ ಮರೆ ಬೇಕು. ಒಂದು ಸಲವೂ ಹಾಡಲಿಲ್ಲ. ಐದು ನಿಮಿಷ ಏಣಿಯ ಮೇಲೆ ಕೂತಿದ್ದು, ಎದ್ದು ಹೋಯಿತು.

"ಬರ್ಕೊಳ್ಳಿ ಪೋಸ್ಟಮ್ಮ. ಇಬ್ರು ಸದಸ್ಯರು ನೋಡಿದೀವಿ" ಎಂದಳು ಅಕ್ಕ. ಇಪ್ಪತ್ತಾರು ವರ್ಷ ಊರಿನ ಬೈಗಳನ್ನೆಲ್ಲ ನುಂಗಿಕೊಂಡವಳ ಸಿಟ್ಟನ್ನು ನಾನು ಅವತ್ತು ಮೊದಲ ಸಲ ಕೇಳಿದೆ. "ಕರೆಕ್ಟಾಗಿ ಬರ್ಕೊಳ್ಳಿ. ನಿಮ್ಮ ನಿಯಮದ ಪ್ರಕಾರನೇ ಇದೆಯಲ್ಲ ಈಗ."

ಬರೆದೆ. ಬೂದುತಲೆ ಉಲಿಯಕ್ಕಿ, ಒಂದು, ನೋಡಿದ್ದು.

ಇಬ್ಬರೂ ಮನೆಯ ಕಡೆ ನಡೆದೆವು. ಅತ್ತೆ ಬಾಗಿಲಲ್ಲಿ ಸ್ಟೂಲಿನ ಮೇಲೆ ಕೂತು, ಕೈಯನ್ನು ಕಿವಿಯ ಹಿಂದೆ ಇಟ್ಟುಕೊಂಡು ಕಾಯುತ್ತಿದ್ದರು.

"ಬಂತಾ?"

ಅಕ್ಕ ಬಗ್ಗಿ, ಅವರ ಕಿವಿಗೆ ಬಾಯಿಟ್ಟು, ಇಡೀ ಬೀದಿಗೆ ಕೇಳುವ ಹಾಗೆ ಕೂಗಿದಳು.

"ಬಂತು ಅತ್ತೆ. ನೀರು ಕುಡೀಲಿಲ್ಲ."